ಗಮನ ಕೆಡಿಸದ ಫೋನು

ವಾಣಿಶ್ರೀ: ಫೋನಿನ ಹುಚ್ಚು ಬಿಡಿಸಾಕೆ ಇನ್ನೊಂದು ಫೋನ್ ತಂದೀರಲ್ಲ, ಕುಡಿಯಾದು ಬಿಡ್ತೀನಂತ ದೊಡ್ಡ ಬಾಟ್ಲಿ ತಂದಂಗಾತು.

ಬಕ್ಕೇಶ್: ಇದು ಹಂಗಲ್ಲ ವಾಣಿ. ಇದ್ರಾಗೆ ಫೋಕಸ್ ಮೋಡ್ ಐತೆ. ಒತ್ತಿಬಿಟ್ರೆ ಯಾರ ಕಾಲೂ ಕಿರಿಕಿರಿ ಮಾಡಂಗಿಲ್ಲ.

ದಾವಣಗೆರೆಯಿಂದ ಹೊರಟ ಮಲೆಬೆನ್ನೂರಿನ ಬಸ್ಸಿನಲ್ಲಿ ಗಂಡ ಹೆಂಡತಿ ಹರಿಹರಕ್ಕೆ ಟಿಕೆಟ್ ತೆಗೆದು ಕೂತಿದ್ದರು. ಅಲ್ಲಿ ವಾಣಿಶ್ರೀಯ ತಮ್ಮ ನಾಗಭೂಷಣನ ಮಗಳಿಗೆ ಇವತ್ತು ನಾಮಕರಣ. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು, ಅಂದರೆ ವಾಣಿಶ್ರೀಯದು. ಅವಳು ತಡಮಾಡಿದರೆ ಆ ಹಕ್ಕನ್ನು ಬಾಚಿಕೊಳ್ಳಲು ತಮ್ಮನ ಹೆಂಡತಿಯ ಅಕ್ಕ ಲತಾ ಸೆರಗು ಸಿಕ್ಕಿಸಿಕೊಂಡು ಕಾದಿದ್ದಳು. ಆ ಲತಾಳ ಹೆಸರೆತ್ತಿದರೇ ವಾಣಿಶ್ರೀಗೆ ಮೈ ಉರಿಯುತ್ತಿತ್ತು. ಗಂಡನ ಹೊಸ ಫೋನು ಕಂಡರೂ ಅಷ್ಟೇ.

ವಾಣಿಶ್ರೀ: ಹಂಗಾದ್ರೆ ಬೆಳಿಗ್ಗೆಯಿಂದ ಅದನ್ನ ಯಾಕ ತಿಕ್ಕಾಕತ್ತೀರಿ?

ಬಕ್ಕೇಶ್: ಗಮನ ಕೆಡಬಾರ್ದಲ್ಲ, ಅದಕ್ಕೇ ಸೆಟ್ಟಿಂಗ್ ಮಾಡಾಕತ್ತೀನಿ.

ವಾಣಿಶ್ರೀ: ನನ್ನ ಫೋನ್ ಯಾಕ ಮನ್ಯಾಗೆ ಇಡಿಸಿದ್ರಿ?

ಬಕ್ಕೇಶ್: ಅದು ಹಳೇದು, ಸುಮ್ನೆ ಹೊಡ್ಕಂತಿರ್ತೈತೆ. ಇಬ್ರಿಗೂ ಇದೊಂದೇ ಸಾಕು.

ವಾಣಿಶ್ರೀ: ಹೊಡ್ಕಂಡ್ರೆ ತಾನೇ ಅದು ಫೋನು. ಹೊಡ್ಕಳದೇ ಇದ್ರೆ ಅದು ಬರೀ ಕನ್ನಡಿ, ಮುಖ ನೋಡ್ಕಂತ ಕೂಡ್ರಿ.

ಬಕ್ಕೇಶ್: ನಿನಗೆ ತಿಳಿಯಂಗಿಲ್ಲ. ಈಗ ವಿಡಿಯೋ ನೋಡ್ತೀನಿ ಅನ್ನು, ಮೊದ್ಲು ಇದೇ ಕೇಳ್ತೈತೆ, 'ಇದು ನಿಮಗೆ ನಿಜವಾಗಿ ಬೇಕೇ?' ಅಂತ.

ವಾಣಿಶ್ರೀ: ಆ ಮಾತು ಅಂಗಡ್ಯಾಗೆ ಕೇಳಿದ್ರೆ ಶಾಣ್ಯಾ ಫೋನು ಅಂತಿದ್ದೆ.

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಬಸ್ಸು ಎಲ್ಲೋ ನಿಂತಿತು, ಜನ ಇಳಿದರು, ಹತ್ತಿದರು. ಕಂಡಕ್ಟರ್ ರಜಾಕ್ ಹತ್ತಿರ ಬಂದು ಏನೋ ಹೇಳಹೋದ. ವಾಣಿಶ್ರೀ ಕೈಯೆತ್ತಿ ಅವನನ್ನು ತಡೆದಳು. ಗಂಡನಿಗೆ ಹೇಳಬೇಕಾದ್ದು ಇನ್ನೂ ಬೇಕಾದಷ್ಟಿತ್ತು.

ಬಕ್ಕೇಶ್: ವಾರಕ್ಕೊಂದ್ಸಲ ಶಹಬ್ಬಾಸ್ ಅಂತೈತೆ ಕಣೇ. 'ಈ ವಾರ ನೀವು ಫೋನ್ ಕಡಿಮೆ ನೋಡಿದಿರಿ' ಅಂತ.

ವಾಣಿಶ್ರೀ: ಆ ಶಹಬ್ಬಾಸ್‌ಗಿರಿ ನೋಡಾಕೆ ಗಳಿಗೆಗೊಂದ್ಸಲ ಫೋನ್ ತೆಗೀತೀರಿ. ನಿನ್ನೆ ಎದುರಿಗೇ ಹಾಲು ಉಕ್ಕಿ ಒಲೆ ಆರ್ತು, ಅದು ಕಾಣ್ಲಿಲ್ಲ.

ಬಕ್ಕೇಶ್: ಗಮನ ಅಂದ್ರೆ ಅದೇ. ಒಂದನ್ನೇ ನೋಡ್ಬೇಕು.

ವಾಣಿಶ್ರೀ ಸಿಡುಕಿನಿಂದ ಕಿಟಕಿಯ ಕಡೆ ತಿರುಗಿದಳು. ಹೊರಗೆ ಭತ್ತದ ಗದ್ದೆಗಳು ಓಡುತ್ತಿದ್ದವು.

ವಾಣಿಶ್ರೀ: ಏನಪ್ಪಾ, ಹರಿಹರ ಇನ್ನೂ ಬರ್ಲಿಲ್ಲೇನು?

ರಜಾಕ್: ಹರಿಹರ ಆಗ್ಲೇ ಹೋತು ಅಕ್ಕಾರೆ. ಇದೋ ಮಲೆಬೆನ್ನೂರು ಬಂತು, ಇಳೀರಿ.

ಬಕ್ಕೇಶ್: ಕೂಗಬಾರ್ದೇನಯ್ಯ?

ರಜಾಕ್: ಸೀಟಿನ ತನಕ ಬಂದಿದ್ದೆ ಸಾಹೇಬ್ರೆ. 'ತಡಿಯಪ್ಪ, ಮೊದ್ಲು ಇವರಿಗೆ ಬುದ್ಧಿ ಹೇಳಿ ಮುಗಿಸ್ತೀನಿ' ಅಂತ ಅಕ್ಕಾರೇ ಕೈ ಅಡ್ಡ ಹಿಡಿದ್ರು.

ವಾಣಿಶ್ರೀಗೆ ಕಣ್ಣಲ್ಲಿ ನೀರು ಬಂತು. ಲತಾ ಗೆದ್ದಳಲ್ಲ ಅನ್ನುವ ಸಂಕಟಕ್ಕಿಂತ, ಹಾಳು ಫೋನಿನ ಮಾತಿನಲ್ಲಿ ತಾನೂ ಮೈಮರೆತೆನಲ್ಲ ಅನ್ನುವ ನಾಚಿಕೆ ದೊಡ್ಡದಾಗಿತ್ತು. ಬಸ್ಸಿಳಿದವಳೇ ಗಂಡನ ಕೈಯಿಂದ ಫೋನು ಕಿತ್ತುಕೊಂಡಳು. ನಾಗಭೂಷಣನ ಮಿಸ್ಡ್ ಕಾಲ್‌ಗಳು ಸಾಲುಗಟ್ಟಿದ್ದವು.

ಬಕ್ಕೇಶ್: ನೋಡು, ಒಂದಾದ್ರೂ ನಮಗೆ ತೊಂದ್ರೆ ಕೊಡ್ತಾ?

ಅವಳು ತಮ್ಮನಿಗೆ ಫೋನ್ ಹಚ್ಚಿದಳು.

ನಾಗಭೂಷಣ: ಎಲ್ಲಿದ್ದೀ ಅಕ್ಕ? ಮುಹೂರ್ತ ಮೀರ್ತೈತೆ. ಲತಕ್ಕ ತೊಟ್ಟಿಲಿನಾಗೆ ಬಗ್ಗೇ ಬಿಟ್ಳು.

ವಾಣಿಶ್ರೀ: ಅವಳನ್ನ ಎಬ್ಬಿಸು. ಫೋನ್ ಕೂಸಿನ ಕಿವಿಗೆ ಹಿಡಿ.

ಮೆಲ್ಲಗೆ 'ಕೃತಿಕಾ' ಎಂದಳು. ನಿಲ್ದಾಣದ ಮುಂದೆ ಹೋಗುವ ಟ್ರ್ಯಾಕ್ಟರುಗಳ ಸದ್ದಿನಲ್ಲಿ ಅತ್ತ ಏನೂ ಕೇಳಿಸಲಿಲ್ಲವಂತೆ. ಗಂಟಲು ಹರಿಯುವಂತೆ ಕೂಗಿದಳು. ಕೂಸು ಬೆಚ್ಚಿ ಅತ್ತಿತು, ಕಿವಿಯಲ್ಲಿ ಹೇಳುವ ಹೆಸರು ಮಲೆಬೆನ್ನೂರಿನ ಬಸ್ ನಿಲ್ದಾಣಕ್ಕೆಲ್ಲ ಗೊತ್ತಾಯಿತು.

ಬಕ್ಕೇಶ್: ಕೊನಿಗೆ ಮರ್ಯಾದಿ ಉಳಿಸಿದ್ದು ಯಾವುದು? ಇದೇ ಫೋನು.

ನಾಗಭೂಷಣ: ಅಕ್ಕ, ಹೆಸ್ರು ಹೇಳ್ದೋರ ಬೆನ್ನಿಗೆ ಗುದ್ದಬೇಕಲ್ಲ. ಇಲ್ಲಿ ಹೆಂಗಸ್ರೆಲ್ಲ ಕೈ ಎತ್ಕಂಡು ನಿಂತಾರೆ, ನಿನ್ನ ಬೆನ್ನು ಅಲ್ಲೈತೆ.

ವಾಣಿಶ್ರೀ: ಅವರಿಗ್ಯಾಕ ತ್ರಾಸು. ಬೆನ್ನೂ ಇಲ್ಲೈತೆ, ಕೈಯೂ ಇಲ್ಲೈತೆ.

ಬಕ್ಕೇಶನ ಬೆನ್ನಿಗೆ ಧಡ್ಡನೆ ಗುದ್ದು ಬಿತ್ತು. ಹೊಸ ಫೋನು ಬಂದ ಮೇಲೆ ಮೊದಲ ಸಲ ಅವನು ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿದ.

ವಾಣಿಶ್ರೀ: ನೋಡಿದ್ರಾ, ಈಗ ಹೆಂಗೆ ಗಮನ ಬಂತು.