ಕುಂಚಕ್ಕೂ ಚಾತುರ್ಮಾಸ್ಯ

ನಮ್ಮ ಭಾವನ ಕುಂಚಗಳು ಏಕಾದಶಿ ಮಾಡುತ್ತವೆ.

ನಗಬೇಡಿ. ಅಥವಾ ನಗಿ, ನಾವೂ ಮೊದಮೊದಲು ನಕ್ಕವರೇ. ತಿಂಗಳಿಗೆ ಎರಡು ಸಲ ಪಂಚಾಂಗ ನೋಡಿ, ದಶಮಿಯ ಸಂಜೆಯೇ ಅವುಗಳನ್ನು ತೊಳೆದು ಒರೆಸಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ದೇವರ ಮನೆಯ ಮೂಲೆಯಲ್ಲಿ ಮಲಗಿಸುತ್ತಾರೆ. ಮರುದಿನ ಪೂರ್ತಿ ಒಂದು ಹನಿ ನೀರು ಮುಟ್ಟುವುದಿಲ್ಲ. ಕುಂಚಗಳು ಸ್ವಾಮಿ, ಭಾವ ಅಲ್ಲ! ಭಾವ ಮಧ್ಯಾಹ್ನಕ್ಕೆ ಎರಡು ಲೋಟ ಹಾಲು ಕುಡಿಯುತ್ತಾರೆ. ನಾನಂತೂ ಏಕಾದಶಿ ಎಂದರೆ ಅವಲಕ್ಕಿ, ಸಾಬೂದಾಣಿ, ಬಾಳೆಹಣ್ಣು ಎಂದು ಬೇರೆ ದಿನಕ್ಕಿಂತ ಒಂದು ಕೈ ಹೆಚ್ಚೇ ತಿನ್ನುವವನು. ಹೀಗಾಗಿ ನಮ್ಮ ಮನೆತನದಲ್ಲಿ ನಿರ್ಜಲ ಏಕಾದಶಿಯನ್ನು ಇವತ್ತಿಗೂ ಶ್ರದ್ಧೆಯಿಂದ ನಡೆಸಿಕೊಂಡು ಬಂದಿರುವವರು ಎಂದರೆ ಆ ಒಂಬತ್ತು ಕುಂಚಗಳು ಮಾತ್ರ.

ಭಾವ ಎಂದರೆ ನಮ್ಮಕ್ಕನ ಗಂಡ. ಹೊಸಪೇಟೆಯವರು. ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದರು. ನಿವೃತ್ತರಾದ ದಿನ ಸ್ಕೇಲನ್ನು ಮೇಜಿನ ಮೇಲೇ ಬಿಟ್ಟು ಬಂದು, "ಇನ್ನ ಮ್ಯಾಲ ನೆಟ್ಟಗಿದ್ದದ್ದು ಏನೂ ಬರಿಯಂಗಿಲ್ಲ" ಎಂದು ಘೋಷಿಸಿದರು. ಸುತ್ತ ಹಂಪಿಯ ಬಂಡೆಗಳು, ಸಂಡೂರಿನ ಗುಡ್ಡಗಳು, ಕಂಪ್ಲಿಯ ಹೊಳೆದಂಡೆ. ನೆಟ್ಟಗಿಲ್ಲದ್ದಕ್ಕೆ ನಮ್ಮ ಕಡೆ ಏನು ಬರ?

ನಾನೋ, ವಿಮಾ ಕಚೇರಿಯವನು. ಯಾರಿಗೆ ಯಾವಾಗ ಏನಾದೀತು ಎಂದು ಯೋಚಿಸುವುದಕ್ಕೇ ನನಗೆ ಸಂಬಳ. ಆ ಕೆಲಸವನ್ನು ಮನೆಯಲ್ಲೂ ಸಂಬಳವಿಲ್ಲದೆ ಮುಂದುವರಿಸುತ್ತೇನೆ. ಭಾವ ಒಬ್ಬರೇ ಗುಡ್ಡ ಹತ್ತಿದರೆ ಜಾರಿದರೆ ಏನು ಗತಿ, ಹೊಳೆ ದಂಡೆಗೆ ಕೂತರೆ ಮೊಸಳೆ ಬಂದರೆ ಏನು ಗತಿ ಎಂದು ಚಿಂತಿಸಿ, ರಜೆಯ ದಿನಗಳಲ್ಲಿ ನನ್ನ ಹಳೇ ಕಾರಿನಲ್ಲಿ ನಾನೇ ಅವರನ್ನು ಕರೆದುಕೊಂಡು ಹೋಗುತ್ತೇನೆ. ದಾರಿಯಲ್ಲಿ ಅದಿರಿನ ಲಾರಿ ಎದುರಾದಾಗಲೆಲ್ಲ ನಾನು ದೇವರ ನಾಮ ಹೇಳುತ್ತೇನೆ. ಪಕ್ಕದಲ್ಲಿ ಕೂತ ಭಾವ, "ಆ ಧೂಳಿನ ಬಣ್ಣ ನೋಡಪಾ! ಸ್ವಲ್ಪ ನಿಲ್ಲಸು" ಎನ್ನುತ್ತಾರೆ. ಲಾರಿಯ ಮುಂದೆ!

ಅವರ ಇನ್ನೊಂದು ಪದ್ಧತಿ ಪ್ರದಕ್ಷಿಣೆ. ಏನನ್ನು ಬರೆಯಬೇಕೋ ಅದಕ್ಕೆ ಮೊದಲು ಮೂರು ಸುತ್ತು ಬರಬೇಕು. ಗುಡ್ಡವಾದರೆ ನಿಂತಲ್ಲೇ ಆತ್ಮಪ್ರದಕ್ಷಿಣೆ, ಬಂಡೆಯಾದರೆ ಪೂರ್ತಿ ಸುತ್ತು.

"ಪರವಾನಗಿ ಕೇಳಬೇಕಪಾ. ಅದು ಯಾವ ಕಾಲದಿಂದ ಅಲ್ಲಿ ಕೂತದ. ನೀ ಇವತ್ತ ಬಂದು, ಹತ್ತು ನಿಮಿಷದಾಗ ಬರಕೊಂಡು ಹೋಗ್ತೀನಂದ್ರ ಅದಕ್ಕ ಹೆಂಗನಸಬ್ಯಾಡ?"

ಬಂಡೆಗೆ ಹೇಗೆನಿಸುತ್ತದೆ ಎಂಬುದು ನನ್ನ ಚಿಂತೆಗಳ ಪಟ್ಟಿಯಲ್ಲಿ ಅದುವರೆಗೆ ಇರಲಿಲ್ಲ. ಅಂದಿನಿಂದ ಸೇರಿತು.

ಒಮ್ಮೆ ಹಂಪಿಯಲ್ಲಿ, ಎಲ್ಲರೂ ಗುಡಿ ಕಡೆ ಮುಖ ಮಾಡಿ ನಿಂತಿದ್ದರೆ, ಇವರು ಗುಡಿಗೆ ಬೆನ್ನು ಮಾಡಿ ಒಂದು ದುಂಡು ಬಂಡೆಯನ್ನು ಸುತ್ತತೊಡಗಿದರು. ಪಂಚೆ, ಶಲ್ಯ, ಹಣೆಯಲ್ಲಿ ಅಂಗಾರ ಅಕ್ಷತೆ, ಮುಗಿದ ಕೈ. ಎರಡನೇ ಸುತ್ತಿಗೆ ಆಂಧ್ರದ ಕಡೆಯಿಂದ ಬಂದ ಬಸ್ಸೊಂದರ ಯಾತ್ರಿಕರು ಇವರ ಹಿಂದೆ ಸೇರಿಕೊಂಡರು. ಒಬ್ಬ ತಾಯಿ ನನ್ನ ಹತ್ತಿರ ಬಂದು, "ಏ ದೇವುಡು ಸಾರ್?" ಎಂದು ಕೇಳಿದಳು. ದೇವರಲ್ಲಮ್ಮ, ಬರೀ ಬಂಡೆ ಎಂದೆ. ಬರೀ ಬಂಡೆಗೆ ಇಂಥ ಹಿರಿಯರು ಯಾಕೆ ಸುತ್ತು ಹಾಕುತ್ತಾರೆ ಎಂಬಂತೆ ನನ್ನನ್ನು ನೋಡಿದಳು. ನಾಸ್ತಿಕ ಎಂದುಕೊಂಡಿರಬೇಕು. ಅರ್ಧ ಗಂಟೆಯಲ್ಲಿ ಬಂಡೆಗೆ ಅರಿಶಿನ ಬಿತ್ತು, ಕುಂಕುಮ ಬಿತ್ತು, ಎರಡು ತೆಂಗಿನಕಾಯಿ ಒಡೆದವು. ಬಸ್ಸು ಹೋದ ಮೇಲೆ, "ಇನ್ನಾದ್ರೂ ಬರೀರಿ ಭಾವ" ಎಂದೆ.

ಭಾವ ಆಗಲೇ ಬಣ್ಣದ ಪೆಟ್ಟಿಗೆ ಮುಚ್ಚಿದ್ದರು. "ಹೆಂಗ ಬರೀಲಿ? ಮುಂಜಾನೆ ಬಂಡೆ ಇತ್ತು, ಈಗ ದೇವರಾತು. ದೇವರ ಚಿತ್ರ ಬರಿಲಿಕ್ಕೆ ನನಗ ಬರಂಗಿಲ್ಲ" ಎಂದು, ಅದೇ ದೇವರ ಪ್ರಸಾದದ ಕೊಬ್ಬರಿ ಚೂರನ್ನು ಅಗಿಯುತ್ತ ಕಾರು ಹತ್ತಿದರು.

ಇದೆಲ್ಲ ಸರಿ, ಸಹಿಸಬಹುದು. ಆದರೆ ಚಾತುರ್ಮಾಸ್ಯ?

ನಮ್ಮ ವೈಷ್ಣವರ ಮನೆಗಳಲ್ಲಿ ಆಷಾಢದ ಏಕಾದಶಿಯಿಂದ ನಾಲ್ಕು ತಿಂಗಳು ಊಟದಲ್ಲಿ ಒಂದೊಂದನ್ನು ಬಿಡುವ ವ್ರತವಿದೆ. ಮೊದಲ ತಿಂಗಳು ತರಕಾರಿ, ಎರಡನೇ ತಿಂಗಳು ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಎರಡು ಹೋಳಾಗುವ ಬೇಳೆಕಾಳು. ಭಾವ ಅದನ್ನು ತಟ್ಟೆಯಿಂದ ಬಣ್ಣದ ತಟ್ಟೆಗೂ ತಂದರು! ತರಕಾರಿಯ ತಿಂಗಳು ಹಸಿರು ಬಂದ್. ಹಳದಿ ನೀಲಿ ಕಲಸಿ ಹಸಿರು ಮಾಡುವುದೂ ಕೂಡದು. ಮೊಸರಿನ ತಿಂಗಳು ಬಿಳಿ ಬಣ್ಣ ಬಂದ್.

"ಹಾಲೂ ಬಿಳೀನ ಅಲ್ಲೇನ್ರಿ ಭಾವ? ಮೂರನೇ ತಿಂಗಳು ಏನು ಬಿಡ್ತೀರಿ?" ಎಂದು ಕೇಳಿ ಸಿಕ್ಕಿಹಾಕಿಸಿದೆ ಎಂದುಕೊಂಡೆ.

"ಮೊಸರು ಗಟ್ಟಿ. ಅದಕ್ಕ ಬಿಳಿ ಬಣ್ಣ ಹಚ್ಚಂಗಿಲ್ಲ. ಹಾಲು ತೆಳು. ಅದಕ್ಕ ಕಾಗದದ ಬಿಳಿ ಸುದ್ಧಾ ಖಾಲಿ ಬಿಡಂಗಿಲ್ಲ."

ನಾಲ್ಕನೇ ತಿಂಗಳು ಎರಡು ಬಣ್ಣ ಕೂಡಿಸಿ ಆಗುವ ಯಾವ ಬಣ್ಣವೂ ಇಲ್ಲ. ಹಾಗಾಗಿ ಆಗ ಕಂಪ್ಲಿಯ ಗದ್ದೆಗಳ ಮೇಲೆ ಅವರು ಬರೆದ ಸೂರ್ಯಾಸ್ತ, ಚುನಾವಣೆಗೆ ಯಾರೋ ಬಾವುಟ ಕಟ್ಟಿದಂತೆ ಕಾಣುತ್ತದೆ. ಇನ್ನು ಆಷಾಢ ಶ್ರಾವಣದಲ್ಲಿ ಸಂಡೂರಿನ ಗುಡ್ಡಗಳ ಹಸಿರು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರಲ್ಲ, ಸರಿಯಾಗಿ ಅದೇ ತಿಂಗಳು ನಮ್ಮ ಭಾವನ ಗುಡ್ಡಗಳು ಒಣಮೆಣಸಿನಕಾಯಿ ರಾಶಿ ಹಾಕಿದಂತೆ ಕೆಂಪಗೆ ಕೂತಿರುತ್ತವೆ!

ಮಠದ ಆಚಾರ್ಯರ ಹತ್ತಿರವೇ ಕರೆದುಕೊಂಡು ಹೋದೆ. ಅವರು ಸಮಾಧಾನದಿಂದ ಹೇಳಿದರು: "ನೋಡಪ್ಪಾ, ವ್ರತ ಇರೋದು ತಿನ್ನೋ ಪದಾರ್ಥಕ್ಕ. ಬಣ್ಣ ಏನು ತಿಂತೀಯೇನು?"

"ತಿಂತೀನ್ರಿ" ಎಂದರು ಭಾವ.

ನಿಜ. ಕುಂಚದ ತುದಿ ಚೂಪಾಗಲಿ ಎಂದು ಗಳಿಗೆಗೊಮ್ಮೆ ಬಾಯಲ್ಲಿಟ್ಟು ಎಳೆಯುವ ಅಭ್ಯಾಸ ಅವರದು. ನಾಲಿಗೆ ಚಾಚಿ ತೋರಿಸಿದರು, ಅಂದು ನೀಲಿ. ಆಚಾರ್ಯರು ಬಹಳ ಹೊತ್ತು ಆ ನಾಲಿಗೆ ನೋಡಿ, "ಹಂಗಾದ್ರ ಬಿಡೋದ ಚೊಲೋ" ಎಂದುಬಿಟ್ಟರು.

ಊರೆಲ್ಲ ಹುಚ್ಚು ಎಂದಿತು. ಇದು ಎಲ್ಲಿ ಶುರುವಾಯಿತು ಎಂದು ಗೊತ್ತಿದ್ದವನು ನಾನೊಬ್ಬ.

ಭಾವ ನಿವೃತ್ತರಾದ ಮರುವರ್ಷ ಅಕ್ಕನಿಗೆ ಹೃದಯದ ಆಪರೇಷನ್ ಆಯಿತು. ಅವಳು ಒಳಗೆ, ನಾವಿಬ್ಬರು ಹೊರಗೆ ಬೆಂಚಿನ ಮೇಲೆ. ಭಾವ ಇದ್ದಕ್ಕಿದ್ದಂತೆ, "ಬಾಯಾಗಿನ ತರಕಾರಿ ಎಲ್ಲಾರೂ ಬಿಡ್ತಾರ. ಅದೇನು ದೊಡ್ಡದಲ್ಲ. ನಿಮ್ಮಕ್ಕ ಎದ್ದು ಮನಿಗೆ ಬರಲಿ, ನಾ ಕಣ್ಣಾಗಿಂದ ಬಿಡ್ತೀನಿ. ಆಕಿ ಇರೋತನಕ ಬಿಡ್ತೀನಿ" ಎಂದರು. ಆಮೇಲೆ ನನ್ನ ಕೈ ಹಿಡಿದು, "ಆಕಿಗೆ ಹೇಳಬ್ಯಾಡ" ಎಂದರು.

ಹೇಳಲಿಲ್ಲ, ಏಳು ದಿನ. ಎಂಟನೇ ದಿನ ಹೇಳಿಬಿಟ್ಟೆ. ಗುಟ್ಟು ಇಟ್ಟುಕೊಳ್ಳುವುದೂ ಒಂದು ಚಿಂತೆಯಲ್ಲವೇ? ಕೇಳಿದ ಅಕ್ಕ, "ನನಗ ಗೊತ್ತದ ಅಂತ ಅವರಿಗೆ ಹೇಳಬ್ಯಾಡ" ಎಂದಳು. ಹೀಗೆ ಒಂದು ಗುಟ್ಟು ಇಳಿಸಲು ಹೋಗಿ ಎರಡು ಹೊತ್ತುಕೊಂಡು ಬಂದೆ. ಒಂಬತ್ತು ವರ್ಷ ಹೊತ್ತೆ.

ಇನ್ನು ಹುಲಿಗೆಮ್ಮನ ವಿಷಯ. ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ ರಸ್ತೆಯ ಪಕ್ಕಕ್ಕೆ ಅವಳ ಮನೆ. ಮನೆಯ ಬಲಕ್ಕೆ, ಹತ್ತು ಮಾರು ಆಚೆ, ಒಂದು ದೊಡ್ಡ ಬೇವಿನ ಮರ. ವರ್ಷಕ್ಕೆ ಮೂರು ನಾಲ್ಕು ಸಲ ಭಾವ ಆ ನೆರಳಲ್ಲಿ ಕೂತು ಗುಡ್ಡ ಬರೆಯುತ್ತಾರೆ, ಹುಲಿಗೆಮ್ಮ ಮಜ್ಜಿಗೆ ಕೊಟ್ಟು ವಿಮರ್ಶೆ ಮಾಡುತ್ತಾಳೆ. ಅವಳಷ್ಟು ನಿರ್ದಾಕ್ಷಿಣ್ಯವಾದ ವಿಮರ್ಶಕರು ಭಾವನಿಗೆ ಬೇರೆ ಸಿಕ್ಕಿಲ್ಲ.

"ಗುಡ್ಡ ಬಂತು, ಹೊಲ ಬಂತು. ನನ್ನ ಎಮ್ಮಿ ಎಲ್ಲೈತ್ರಿ ಸ್ವಾಮಿ?"

"ಎಮ್ಮಿ ಅತ್ಲಾಗಿತ್ಲಾಗ ಆಡ್ತದವಾ. ಹೆಂಗ ಬರೀಲಿ?"

"ಯವ್ವಾ! ಮುಂಜಾನಿಂದ ಒಂದ ಕಡಿ ನಿಂತೈತ್ರಿ ಅದು. ಅತ್ಲಾಗಿತ್ಲಾಗ ಆಡಿದವ್ರು ನೀವು!"

ಕಳೆದ ಶ್ರಾವಣದಲ್ಲಿ ಅವಳ ಫೋನು ಬಂತು. ರಸ್ತೆ ಅಗಲ ಮಾಡುತ್ತಾರೆ, ಬುಧವಾರ ಮರ ಕಡಿಯುತ್ತಾರೆ, ಅಷ್ಟರೊಳಗೆ ಬಂದು ಮರದ ಚಿತ್ರ ಬರೆದುಕೊಡಬೇಕು. ಅವಳು ಮದುವೆಯಾಗಿ ಬಂದ ವರ್ಷ, ತವರಿನಿಂದ ಸಸಿ ತಂದು ತಾನೇ ಹಚ್ಚಿದ ಮರವಂತೆ.

ಭಾವನ ಮುಖ ಸಣ್ಣದಾಯಿತು. ಹಸಿರಿನ ವ್ರತ ಮುಗಿಯಲು ಇನ್ನೂ ಏಳು ದಿನ ಇತ್ತು. "ಮುಂದಿನ ವಾರ ಬರ್ತೀನವಾ" ಎಂದರು.

"ಮುಂದಿನ ವಾರ ನೀವು ಬರ್ತೀರಿ ಸ್ವಾಮಿ. ಮರ ಇರಂಗಿಲ್ಲಲ್ರಿ."

"ನಿನ್ನ ಮಗನ ಮೊಬೈಲ್‌ನಾಗ ಫೋಟೊ..."

"ತಗದಾನ್ರಿ. ಅದು ಯಾರ ಮರ ಬೇಕಾದ್ರೂ ಆಗಬೌದು, ಹಂಗೈತಿ."

ಭಾನುವಾರ ಹೊರಟೆವು. ಅಕ್ಕನೂ ಬರುತ್ತೇನೆಂದು ಹಿಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಎರಡೂ ಕಡೆ ಹಸಿರು, ಎಂದೂ ಇಲ್ಲದಷ್ಟು ಹಸಿರು! ಭಾವ ಕಣ್ಣು ಮುಚ್ಚಿ ಕೂತಿದ್ದರು. ನಾನು ತಡೆಯಲಾರದೆ ಮೆಲ್ಲಗೆ ಒಂದು ಉಪಾಯ ಹೇಳಿದೆ: "ಭಾವ, ನೀಲಿ ಹಚ್ರಿ, ಅದು ಒಣಗೋದರೊಳಗ ಪಕ್ಕಕ್ಕ ಹಳದಿ ಹಚ್ರಿ. ಕಾಗದದ ಮ್ಯಾಲ ಅವು ತಾವ ಕೂಡಿಕೊಂಡ್ರ ನಿಮ್ಮ ತಪ್ಪೇನು?"

ಭಾವ ಕಣ್ಣು ತೆರೆಯದೆ ಹೇಳಿದರು: "ದೇವರಂದ್ರ ನಿಮ್ಮ ವಿಮಾ ಕಚೇರಿ ಅಂದ್ಕೊಂಡಿಯೇನು? ಕೆಳಗ ಸಣ್ಣ ಅಕ್ಷರದಾಗ ಬರದು ತಪ್ಪಿಸಿಕೊಳ್ಳಲಿಕ್ಕೆ?"

ಹುಲಿಗೆಮ್ಮ ಮನೆಯ ಕಟ್ಟೆಯ ಮೇಲೆ ಅಕ್ಕನಿಗೆ ಕಂಬಳಿ ಹಾಸಿ ಕೂರಿಸಿದಳು. ಭಾವ ಮರಕ್ಕೆ ಮೂರು ಪ್ರದಕ್ಷಿಣೆ ಬಂದರು. ಮೂರನೇ ಸುತ್ತು ಬಹಳ ನಿಧಾನವಾಗಿತ್ತು. ಆಮೇಲೆ ರಸ್ತೆಯ ಆಚೆ ದಂಡೆಗೆ ಹೋಗಿ, ಮಡಚು ಕುರ್ಚಿ ಹಾಕಿ ಕೂತು ಶುರು ಮಾಡಿದರು. ಕಾಂಡ ಬಂತು, ಕೊಂಬೆ ಬಂದವು. ಎಲೆಗಳಿಗೆ ಬಂದಾಗ ಕೈ ನಿಂತಿತು, ಆಮೇಲೆ ಕಂದು ಬಣ್ಣಕ್ಕೆ ಹೋಯಿತು.

ಹುಲಿಗೆಮ್ಮ ಹಿಂದಿನಿಂದ ಬಂದು ನೋಡಿದಳು. ಈ ಸಲ ತಮಾಷೆ ಮಾಡಲಿಲ್ಲ.

"ಸ್ವಾಮಿ, ಇನ್ನಾ ಮೂರು ದಿನ ಬದುಕೈತ್ರಿ ಅದು. ನೀವು ಈಗ್ಲೇ ಒಣಗಿಸಿಬಿಟ್ರೇನ್ರಿ?"

ಕುಂಚ ಹಿಡಿದ ಭಾವನ ಕೈ ಮಡಿಲಿಗೆ ಇಳಿಯಿತು. ಮರದ ಕಡೆ ನೋಡಿದರು, ಅವಳ ಕಡೆ ನೋಡಿದರು, ಮತ್ತೆ ಕಾಗದ ನೋಡಿದರು.

ಅಕ್ಕ ಕಟ್ಟೆಯಿಂದ ಇಳಿದು ರಸ್ತೆ ದಾಟಿ ಬಂದಳು. "ಹಸರು ಹಚ್ರಿ" ಎಂದಳು.

"ನಿನಗೇನು ಗೊತ್ತು? ಸುಮ್ನಿರು."

"ಎಲ್ಲಾ ಗೊತ್ತದ. ಒಂಬತ್ತು ವರ್ಷದಿಂದ ಗೊತ್ತದ."

ಭಾವ ನಿಧಾನವಾಗಿ ನನ್ನ ಕಡೆ ತಿರುಗಿದರು. ನನಗೆ ಆಗ ದೂರದ ಗುಡ್ಡದ ಮೇಲೆ ಭಾರೀ ಆಸಕ್ತಿ ಹುಟ್ಟಿತು.

"ಅವನ್ನ ಯಾಕ ನೋಡ್ತೀರಿ? ನನ್ನ ನೋಡ್ರಿ" ಎಂದಳು ಅಕ್ಕ. "ನನ್ನ ಜೀವದ ಸಲುವಾಗಿ ಹಿಡದ ವ್ರತ ಅಲ್ಲೇನದು? ಹಂಗಾದ್ರ ಬಿಡಸ್ಲಿಕ್ಕೂ ನನಗ ಅಧಿಕಾರ ಅದ. ಆಕಿ ಮರ ಬುಧವಾರ ಹೋಗ್ತದ. ನಾ ಬುಧವಾರ ಎಲ್ಲಿಗೂ ಹೋಗಂಗಿಲ್ಲ. ಹಚ್ರಿ."

ಇಷ್ಟು ಹೇಳಿ, ಉತ್ತರಕ್ಕೆ ಕಾಯದೆ, ಹೋಗಿ ಕಟ್ಟೆಯ ಮೇಲೆ ಕೂತಳು.

ಭಾವ ಕೈ ಮುಗಿದರು. ಆಮೇಲೆ ತಟ್ಟೆಯಲ್ಲಿ ಹಳದಿ ಹಾಕಿ, ಅದಕ್ಕೆ ಒಂದಿಷ್ಟೇ ಇಷ್ಟು ನೀಲಿ ಮುಟ್ಟಿಸಿದರು. ಮೊದಲ ಎಲೆ ಬಿತ್ತು. ತಕ್ಷಣ ತಲೆಯೆತ್ತಿ ನೋಡಿದರು, ಮರವನ್ನಲ್ಲ, ಎಡಕ್ಕೆ ತಿರುಗಿ ಕಟ್ಟೆಯ ಮೇಲಿನ ಅಕ್ಕನನ್ನು. ಅಕ್ಕ ಚಹಾ ಕುಡಿಯುತ್ತಿದ್ದಳು. ಇನ್ನೊಂದು ಎಲೆ, ಮತ್ತೆ ಕಟ್ಟೆಯ ಕಡೆ. ಇನ್ನೊಂದು, ಮತ್ತೆ. ನಾನೂ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ? ಅವಳ ಉಸಿರಾಟ ಎಣಿಸುತ್ತಿದ್ದೆ.

ಹುಲಿಗೆಮ್ಮನಿಗೆ ಇದೇನೆಂದು ತಿಳಿಯಲಿಲ್ಲ. "ಸ್ವಾಮಿ, ಮರ ಈ ಕಡಿ ಐತ್ರಿ! ಎಲಿಗೊಮ್ಮೆ ಅಮ್ಮಾರನ್ನ ನೋಡಿದ್ರ ಸಂಜಿಯೊಳಗ ಮುಗೀತೈತೇನ್ರಿ?"

ಅಕ್ಕ ಲೋಟ ಕೆಳಗಿಟ್ಟಳು. ಸೆರಗು ಸರಿಪಡಿಸಿಕೊಂಡು ಎದ್ದಳು. ಹತ್ತು ಮಾರು ನಡೆದು ಹೋಗಿ, ಬೇವಿನ ಬುಡಕ್ಕೆ ಬೆನ್ನು ಆನಿಸಿ, ಭಾವನಿಗೆ ಎದುರಾಗಿ ಕೂತಳು.

"ಈಗ ನೋಡ್ರಿ" ಎಂದಳು.