ಪಿಯಾನೊಗೆ ಬಿಟ್ಟ ಎಣ್ಣೆ

ಏನಾದರೂ ಕಿರ್ರೆಂದರೆ ನನ್ನಿಂದ ಸುಮ್ಮನಿರಲು ಆಗುವುದಿಲ್ಲ. ಕೈ ತಾನಾಗಿ ಎಣ್ಣೆ ಡಬ್ಬಿಗೆ ಹೋಗುತ್ತದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಹೊಲಿಗೆ ಮಷಿನ್ ರಿಪೇರಿಗೆ ಕುಳಿತವನು ನಾನು. ಕಲಿತ ವಿದ್ಯೆಯಲ್ಲಿ ಮುಕ್ಕಾಲು ಪಾಲು ಎಣ್ಣೆಯೇ. ಸದಾಶಿವ ಪೇಠೆಯಲ್ಲಿ ಹತ್ತಾರು ಬಾಡಿಗೆ ಮನೆಗಳಿದ್ದ ನಮ್ಮ ಹಳೆಯ ವಾಡೆಯಲ್ಲಿ ನಾನು ಎಣ್ಣೆ ಬಿಡದ ಬಾಗಿಲಿಲ್ಲ, ಛತ್ರಿಯಿಲ್ಲ. ಪಕ್ಕದ ಮನೆಯ ಕುಲಕರ್ಣಿ ಕಾಕಾ ಮೊಣಕಾಲು ಕಟಕಟ ಅನ್ನುತ್ತದೆ ಎಂದಾಗ ನನ್ನ ಅವ್ವ, "ಇವನ ಮುಂದ ಅನಬ್ಯಾಡ್ರಿ, ಎರಡು ಹನಿ ಬಿಟ್ಟೇ ಬಿಡ್ತಾನ" ಎಂದಿದ್ದಳು.

ನನ್ನ ತಂಗಿ ಸುಧಾ ಪಿಯಾನೊ ನುಡಿಸುತ್ತಾಳೆ. ನುಡಿಸುತ್ತಿದ್ದಳು ಎನ್ನಬೇಕು. ಅವಳಿಗೆ ಕಲಿಸುತ್ತಿದ್ದ ಕ್ಯಾಂಪ್ ಬಡಾವಣೆಯ ಮುದುಕಿ ಟೀಚರು ಊರು ಬಿಡುವಾಗ ತಮ್ಮ ಪಿಯಾನೊವನ್ನೇ ಅವಳಿಗೆ ಕೊಟ್ಟುಹೋದರು. ಅದನ್ನು ವಾಡೆಯ ಮೆಟ್ಟಿಲು ಹತ್ತಿಸಲು ಎಂಟು ಜನ ಬೇಕಾಯಿತು. ನಮ್ಮವ್ವನಿಗೆ ಗೊತ್ತಿದ್ದದ್ದು ಹಾರ್ಮೋನಿಯಂ ಒಂದೇ. "ಇಷ್ಟು ದೊಡ್ಡ ಪೇಟಿ, ಗಾಳಿ ಎಲ್ಲಿಂದ ಹಾಕೋದು?" ಎಂದು ಹಿಂದೆ ಹೋಗಿ ನೋಡಿದಳು. ಅಂದಿನಿಂದ ಸುಧಾ ದಿನಕ್ಕೆ ಆರು ತಾಸು ಅದರ ಮುಂದೆ. ಗೋವಾ, ಮುಂಬೈ, ಕೊಲ್ಕತ್ತಾ ಎಂದು ಕಾರ್ಯಕ್ರಮಗಳೂ ಬಂದವು. ನನಗೆ ಅದರ ಒಂದಕ್ಷರ ತಿಳಿಯುತ್ತಿರಲಿಲ್ಲ. ಒಮ್ಮೆ ಅವಳು ನುಡಿಸುವಾಗ ಅಭಿಮಾನದಿಂದ "ವಾಹ್" ಎಂದೆ; ಮುಂದಿನ ಸಾಲಿನವರೆಲ್ಲ ತಿರುಗಿ, ತಮ್ಮ ಕೊರಳಿಗೆ ಸೀನಿದವನನ್ನು ನೋಡುವಂತೆ ನೋಡಿದರು.

ಹತ್ತು ವರ್ಷದ ಹಿಂದಿನ ಮಳೆಗಾಲದಲ್ಲಿ ಆ ಪಿಯಾನೊದ ನಾಲ್ಕೈದು ಪಟ್ಟಿಗಳು ಒತ್ತಿದರೆ ಮೇಲೆ ಬರದಾದವು. ಆರು ವಾರಕ್ಕೆ ಮುಂಬೈಯಲ್ಲಿ ಅವಳ ಕಾರ್ಯಕ್ರಮ. ಹೊರದೇಶದ ದೊಡ್ಡ ಗುರುವೊಬ್ಬರು ಕೇಳಲು ಬರುವವರಿದ್ದರು. ಮೆಚ್ಚಿದರೆ ಕಲಿಯಲು ತಮ್ಮಲ್ಲಿಗೆ ಕರೆಸಿಕೊಳ್ಳುತ್ತಿದ್ದರು. ಪಿಯಾನೊ ಶ್ರುತಿ ಮಾಡುವವನು ಮಳೆ ನಿಂತ ಮೇಲೆ ಬರುತ್ತೇನೆ ಎಂದ. ಸುಧಾ ಹೊರಗೆ ಹೋದಾಗ ನಾನು ಹಲಗೆ ತೆಗೆದು ಕೀಲು ಕೀಲಿಗೂ ಮಷಿನ್ ಎಣ್ಣೆ ಬಿಟ್ಟೆ. ಒಳಗೆಲ್ಲ ಉಣ್ಣೆಯ ತುಣುಕುಗಳಿದ್ದವು, ಅವೂ ಕುಡಿದವು. ನಾಲ್ಕು ದಿನ ಬೆಣ್ಣೆಯಂತೆ ನಡೆಯಿತು. ಆಮೇಲೆ ಉಣ್ಣೆ ಉಬ್ಬಿ ಎಲ್ಲ ಪಟ್ಟಿಗಳೂ ದಿನದಿನಕ್ಕೆ ಬಿಗಿಯಾದವು.

"ಅಣ್ಣಾ, ಭಾಳ ಜಡ ಆಗ್ಯಾವ. ಒಂದ್ಸಲ ನೋಡ್ತೀಯೇನು?"

ಆಗ ಹೇಳಬೇಕಿತ್ತು. ನಾನು ಟಾರ್ಚು ಹಿಡಿದು ನೋಡಿದಂತೆ ಮಾಡಿ, ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವುದನ್ನೇ ಹೇಳಿದೆ: "ಮಷಿನ್ ಛಲೋ ಅದ. ನಿನ್ನ ಕೈನೇ ಬಿಗಿ ಆಗ್ಯಾವ."

ಮಷಿನಿನ ವಿಷಯದಲ್ಲಿ ಅವಳಿಗೆ ನನ್ನ ಮಾತೇ ಕೊನೆ. ಬೆರಳಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡು ಇನ್ನೂ ಜೋರಾಗಿ ಒತ್ತಿ ಒತ್ತಿ ರೂಢಿ ಮಾಡಿದಳು. ಮುಂಬೈಯ ಸಭಾಗೃಹದ ಪಿಯಾನೊ ಹೂವಿನಷ್ಟು ಹಗುರ. ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವರಂತೆ ಅವಳ ಕೈ ಮುಗ್ಗರಿಸಿತು. ಮೆಲ್ಲಗೆ ಬರಬೇಕಾದದ್ದೆಲ್ಲ ಧಡಧಡ ಬಂತು. ಗುರುಗಳು ಕೈ ಕುಲುಕಿದರು, ವಿಳಾಸ ಕೇಳಲಿಲ್ಲ. "ನನ್ನ ಕೈನೇ ಸಾಲಲಿಲ್ಲ" ಎಂದಳು ಸುಧಾ, ವಾಪಸು ಬರುವ ರೈಲಿನಲ್ಲಿ. ಲೋಣಾವಳಾದಲ್ಲಿ ನಾನು ಇಳಿದು ಅವಳಿಗೆ ಚಿಕ್ಕಿ ತಂದುಕೊಟ್ಟೆ. ಕೊಡಬೇಕಾಗಿದ್ದ ಉತ್ತರದ ಬದಲು ಚಿಕ್ಕಿ.

ಆಮೇಲೆ ಅವಳು ವೇದಿಕೆ ಹತ್ತಲಿಲ್ಲ, ಮಳೆ ನಿಂತರೂ ಶ್ರುತಿಯವನನ್ನು ಕರೆಸಲಿಲ್ಲ. ಈಗ ವಾಕಡದ ಫ್ಲ್ಯಾಟಿನಲ್ಲಿ ಎಲೆಕ್ಟ್ರಿಕ್ ಕೀಬೋರ್ಡಿನ ಮೇಲೆ ಮಕ್ಕಳಿಗೆ ಪಾಠ ಹೇಳುತ್ತಾಳೆ. ವಾಡೆ ಕೆಡವುವುದೆಂದಾದಾಗ, ಅಷ್ಟು ವರ್ಷ ಮುಚ್ಚಿಟ್ಟಿದ್ದ ಪಿಯಾನೊ ಅವಳಲ್ಲಿಗೆ ಹೋಯಿತು. ಹೋದ ತಿಂಗಳು ನಾನು ಅಲ್ಲಿದ್ದಾಗಲೇ ಶ್ರುತಿಯವನು ಬಂದು ಹಲಗೆ ತೆಗೆದ. ಒಳಗೆ ಬೆರಳಾಡಿಸಿ ಮೂಸಿ ನೋಡಿದ.

"ಹೇ ಶಿಲಾಯೀ ಮಶೀನ್‌ಚ ತೇಲ್ ಆಹೇ. ಕುಣೀ ಘಾತ್ಲ?"

ಹೊಲಿಗೆ ಮಷಿನಿನ ಎಣ್ಣೆ, ಯಾರು ಹಾಕಿದ್ದು ಎಂದು ಮರಾಠಿಯಲ್ಲಿ ಕೇಳುತ್ತಿದ್ದ. ಆ ಕೋಣೆಯಲ್ಲಿ ಹೊಲಿಗೆ ಮಷಿನಿನವನು ನಾನೊಬ್ಬನೇ. ನಾನಾಗಿ ಒಪ್ಪಿಕೊಂಡೆ ಎಂದು ಬರೆಯುವ ಆಸೆಯಿತ್ತು. ಒಪ್ಪಿಕೊಂಡದ್ದು ಸಿಕ್ಕಿಬಿದ್ದ ಮೇಲೆ.

"ನಾನೇ ಹಾಕಿದ್ದೆ. ಆ ಮುಂಬೈ ಕಾರ್ಯಕ್ರಮಕ್ಕಿಂತ ಮೊದ್ಲ."

ಸುಧಾ ಚಹಾದ ಟ್ರೇ ಕೆಳಗಿಟ್ಟಳು. "ಅಂದ್ರ, ನನ್ನ ಕೈ?"

"ಛಲೋನೇ ಇದ್ದವು."

ಬಹಳ ಹೊತ್ತು ತನ್ನ ಬೆರಳುಗಳನ್ನು ನೋಡಿಕೊಂಡಳು. ಶ್ರುತಿಯವನಿಗೆ ಚಹಾ ಕೊಟ್ಟಳು, ನನಗೂ ಕೊಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಣ್ಣಾ, ನಂದು ಇನ್ನೇನರ ರಿಪೇರಿ ಮಾಡೀಯೇನು?"

ಇಲ್ಲ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಮನೆಗೆ ಮರಳುವಾಗ ಬಸ್ಸಿಳಿದರೆ ನನಗೆ ವಿಪರೀತ ಹಸಿವಾಗಿತ್ತು, ಹತ್ತು ವರ್ಷದಲ್ಲಿ ಆಗದಂಥ ಹಸಿವು. ನಿಂತಲ್ಲೇ ಎರಡು ಪ್ಲೇಟು ಮಿಸಳ ತಿಂದೆ. ರುಚಿಯಾಗಿತ್ತು ಎಂದು ಹೇಳಲು ನಾಚಿಕೆ. ಅಂದು ಸುಧಾ ಊಟ ಮಾಡಿದಳೋ ಇಲ್ಲವೋ, ಫೋನು ಮಾಡಿ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.