ಮೇಷ್ಟ್ರ ಕಾಲಿಗೊಂದು ಕುರ್ಚಿ

ರಾಮಾಂಜಿನಯ್ಯ ಮೇಷ್ಟ್ರು ಮಾಡಿದ ತಪ್ಪು ಇಷ್ಟೇ. ಎಂಟನೇ ತರಗತಿಗೆ ಲಾಭ-ನಷ್ಟದ ಲೆಕ್ಕ ಕೊಟ್ಟು, ಮಕ್ಕಳು ತಲೆ ಬಗ್ಗಿಸಿದ ಮೇಲೆ, ಹಿಂದಿನ ಬೆಂಚಿನ ತುದಿಯಲ್ಲಿ ಒಂದು ಗಳಿಗೆ ಕೂತರು. ಪ್ಯಾಂಟು ಮೊಣಕಾಲವರೆಗೆ ಮಡಚಿ ಮೀನಖಂಡ ಒತ್ತಿಕೊಂಡರು. ಗೋಡೆಯ ಮೇಲಿದ್ದ ಕ್ಯಾಮೆರಾ ಅದನ್ನು ನೋಡಿಬಿಟ್ಟಿತು. ಸ್ಪೀಕರು ಕರಕರ ಅಂದು, ಸ್ಕೂಲಿನ ಸೆಕ್ರೆಟರಿ ವೀರಭದ್ರಯ್ಯನವರ ಧ್ವನಿ ಇಡೀ ಕಟ್ಟಡಕ್ಕೆ ಕೇಳಿಸಿತು.

"ಎಂಟನೇ ಕ್ಲಾಸಲ್ಲಿ ಕೂತಿರೋರು ಎದ್ದು ನಿಂತ್ಕೊಳ್ಳಿ."

ಮಕ್ಕಳೆಲ್ಲ ಎದ್ದು ನಿಂತರು. ಅವರ ಜೊತೆ ಮೇಷ್ಟ್ರೂ ಎದ್ದು ನಿಂತರು.

ಗುಬ್ಬಿಯ ಆ ಸ್ಕೂಲಿನಲ್ಲಿ ಕ್ಲಾಸ್‌ರೂಮಿಗೆ ಕುರ್ಚಿ ಹಾಕುವ ಪದ್ಧತಿ ಇರಲಿಲ್ಲ. ಮೇಷ್ಟ್ರು ಕೂತರೆ ಪಾಠ ಮಲಗುತ್ತದೆ ಎಂಬುದು ಸೆಕ್ರೆಟರಿಯವರ ಸಿದ್ಧಾಂತ. ಕುರ್ಚಿ ಏನಿದ್ದರೂ ಸ್ಟಾಫ್‌ರೂಮಿನಲ್ಲಿ, ಊಟದ ಹೊತ್ತಿಗೆ ಮಾತ್ರ. ಹಾಗಾಗಿ ರಾಮಾಂಜಿನಯ್ಯನವರು ಮದುವೆಗೆ ಮುಂಚಿನಿಂದಲೂ ನಿಂತೇ ಇದ್ದರು. ಈಗೀಗ ಅವರ ಎಡಗಾಲಿನ ಮೇಲೆ ನೀಲಿ ನರಗಳು ಚಪ್ಪರಕ್ಕೆ ಹಬ್ಬಿದ ಹಾಗಲಬಳ್ಳಿಯಂತೆ ಗಂಟುಗಂಟಾಗಿ ಹಬ್ಬಿದ್ದವು. ಸಂಜೆ ತುಮಕೂರಿನ ಶೆಟ್ಟಿಹಳ್ಳಿಯ ಮನೆಗೆ ಬರುವಷ್ಟರಲ್ಲಿ ಆ ಕಾಲು ಬೇರೆ ಯಾರದೋ ಕಾಲನ್ನು ಹೊತ್ತು ತಂದಂತೆ ಭಾರವಾಗುತ್ತಿತ್ತು.

"ಡಾಕ್ಟ್ರು ಹೇಳಿದ್ರೆ ಕುರ್ಚಿ ಹಾಕಿಸ್ತೀನಿ. ಸುಮ್‌ಸುಮ್ನೆ ಆಗಲ್ಲ," ಎಂದಿದ್ದರು ಸೆಕ್ರೆಟರಿ.

ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಹಿಂದಿನ ವಾರವೇ ತುಮಕೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಮುಗಿಸಿದ್ದರು. ಡಾಕ್ಟರು ಲೇಸರ್ ಮಾಡೋಣ ಎಂದು ಶುಕ್ರವಾರ ಬರಹೇಳಿದ್ದರು. ಲೇಸರಿನಿಂದ ಏನಾಗುತ್ತದೋ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಆದರೆ ಆಪರೇಷನ್ ಆದವನಿಗೆ ಕುರ್ಚಿ ಕೊಡಿ ಎಂದು ಯಾವ ಡಾಕ್ಟರು ತಾನೇ ಹೇಳುವುದಿಲ್ಲ? ಅದರ ಜೊತೆಗೆ ಒಂದು ವಾರ ಕಾಲು ಚಾಚಿ ಮಲಗುವ ಯೋಗವೂ ಬಂದೀತು.

ಶುಕ್ರವಾರ ಬೆಳಗ್ಗೆ ಹೆಂಡತಿ ಲಕ್ಷ್ಮೀದೇವಮ್ಮನ ಜೊತೆ ಸದ್ದಿಲ್ಲದೆ ಗೇಟು ತೆಗೆದರು. ಎದುರುಮನೆಯ ದೊಡ್ಡರಂಗಯ್ಯ ಆಗಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. ಕುಣಿಗಲ್ ಕಡೆ ಮಾರ್ಕೋನಹಳ್ಳಿಯವರು. ಬೇರೆಯವರ ಕಾಯಿಲೆ ಎಂದರೆ ಅವರಿಗೆ ಊಟಕ್ಕೆ ಕರೆದಷ್ಟು ಸಂತೋಷ.

"ಒಬ್ರೇ ಓಯ್ತೀರಾ ಮೇಷ್ಟ್ರೇ? ನರ ಸುಡಾದು ಅಂದ್ರೆ ಹುಡುಗಾಟ್ವಾ? ನಾನೂ ಬತ್ತೀನಿ ನಡೀರಿ."

"ಜೊತೇಲಿ ಇವ್ಳಿದಾಳಲ್ಲ ರಂಗಯ್ಯನೋರೇ..."

"ಅಮ್ಮಾರು ಹೆಣ್ಮಕ್ಳು, ಹೆದರ್ಕೋತಾರೆ ಬುಡಿ."

ಆಟೋದಲ್ಲಿ ಮೇಷ್ಟ್ರು ಹೆದರುವಂಥ ಕತೆಗಳನ್ನು ದೊಡ್ಡರಂಗಯ್ಯನವರೇ ಒಂದಾದ ಮೇಲೊಂದು ಹೇಳಿದರು. ಯಾರಿಗೋ ಜಿಗಣೆ ಬಿಡಿಸಿದ್ದು, ಇನ್ಯಾರಿಗೋ ತೊಡೆಯಿಂದ ಪಾದದವರೆಗೆ ಕುಯ್ದು ನರವನ್ನು ಹಗ್ಗದಂತೆ ಎಳೆದದ್ದು. ಲಕ್ಷ್ಮೀದೇವಮ್ಮ ಆರಾಮವಾಗಿ ಕೇಳುತ್ತಿದ್ದರು. ಮೇಷ್ಟ್ರು ಮಾತ್ರ ಬೆವರುತ್ತಿದ್ದರು.

ಡಾಕ್ಟರ್ ಅಕ್ಷತಾ ನಗುಮುಖದ ಹೆಣ್ಣುಮಗಳು. "ಕುಯ್ಯೋದು ಗಿಯ್ಯೋದು ಏನಿಲ್ಲ ಸರ್. ಕಾಲಿನ ರಕ್ತ ಮೇಲಕ್ಕೆ ಹೋಗ್ಬೇಕು. ಅದು ವಾಪಸ್ ಇಳೀದೆ ಇರೋಕೆ ಒಳಗೆ ಸಣ್ಣ ಸಣ್ಣ ವಾಲ್ವ್ ಇರ್ತವೆ. ನಿಮ್ಮವು ಕೆಟ್ಟಿವೆ. ಅದಕ್ಕೇ ರಕ್ತ ಕೆಳಗೇ ನಿಂತು ಉಬ್ಬಿದೆ."

"ಫುಟ್‌ವಾಲ್ವ್ ಲೀಕು!" ದೊಡ್ಡರಂಗಯ್ಯ ತೊಡೆ ತಟ್ಟಿದರು. "ನಮ್ ಬೋರ್‌ದೂ ಇದೇ ಕತೆ ಕಣಮ್ಮ. ಪೈಪ್ ಮೇಲೆತ್ತಿ ಬಿಚ್ಬೇಕು."

"ಇಲ್ಲಿ ಬಿಚ್ಚಲ್ಲ ಯಜಮಾನ್ರೇ. ಕೆಟ್ಟಿರೋ ನಾಳದೊಳಗೆ ತೆಳ್ಳನೆ ಫೈಬರ್ ಬಿಟ್ಟು ಲೇಸರ್‌ನಿಂದ ಒಳಗೇ ಮುಚ್ಚಿಬಿಡ್ತೀವಿ. ರಕ್ತ ಪಕ್ಕದ ಒಳ್ಳೇ ನಾಳದಲ್ಲಿ ಹೋಗುತ್ತೆ."

ಕಾಲಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಮೇಷ್ಟ್ರು ಕಣ್ಣು ಮುಚ್ಚಿ ಮನೆದೇವರ ಮೇಲೆ ದೇವರನಾಮ ಹೇಳಿಕೊಳ್ಳುತ್ತಾ ಇನ್ನೂ ಅರ್ಧದಲ್ಲಿದ್ದಾಗಲೇ ಡಾಕ್ಟರು ಮುಗಿಯಿತು ಎಂದರು. ಬೆರಳಲ್ಲಿ ಮೀಟಿದರೆ ಹಾಡುವಷ್ಟು ಬಿಗಿಯಾದ ಉದ್ದನೆಯ ಕಾಲುಚೀಲವನ್ನು ಇಬ್ಬರು ನರ್ಸುಗಳು ಎಳೆದೆಳೆದು ತೊಡಿಸಿದರು.

"ಮೇಡಂ, ಎಷ್ಟು ದಿನ ಮಲಗಿರ್ಬೇಕು?" ಎಂದರು ಮೇಷ್ಟ್ರು, ಆಸೆಯಿಂದ.

"ಮಲಗೋದಾ? ಬೇಡವೇ ಬೇಡ. ಇವತ್ತೇ ಎದ್ದು ಓಡಾಡಿ. ಸೋಮವಾರದಿಂದ ಸ್ಕೂಲಿಗೆ ಹೋಗಿ."

"ಹಂಗಾದ್ರೆ ಒಂದು ಕುರ್ಚಿ ಹಾಕಿಸ್ಬೇಕು ಅಂತ ಸ್ಕೂಲಿಗೆ ಹೇಳಿದ್ರೆ..."

"ಯಾಕೆ ಸರ್? ಒಂದೇ ಕಡೆ ನಿಲ್ಬೇಡಿ, ಒಂದೇ ಕಡೆ ಕೂರ್ಲೂಬೇಡಿ. ನಡೀತಾ ಇರಿ. ಅದೇ ಔಷಧಿ."

ಮೇಷ್ಟ್ರ ಮುಖ ಮಳೆಗೆ ಸಿಕ್ಕ ಹಪ್ಪಳದಂತಾಯಿತು. ವರ್ಷಗಟ್ಟಲೆ ನೋವು ತಿಂದು ಸಂಪಾದಿಸಿದ ಕಾಯಿಲೆಯನ್ನು ಈ ಹೆಣ್ಣುಮಗಳು ಒಂದು ದೇವರನಾಮ ಮುಗಿಯುವಷ್ಟರಲ್ಲಿ ಕಿತ್ತುಕೊಂಡುಬಿಟ್ಟಿದ್ದಳು.

ಹೊರಡುವ ಮುಂಚೆ ವಾರ್ಡಿನಲ್ಲಿ ಸ್ವಲ್ಪ ಹೊತ್ತು ಕಾಲು ಮೇಲಿಟ್ಟುಕೊಂಡಿರಲು ಹೇಳಿ ನರ್ಸುಗಳು ಹೋದರು. ಪಕ್ಕದ ಮಂಚಕ್ಕೆ ಪರದೆ ಎಳೆದಿತ್ತು. ಲಕ್ಷ್ಮೀದೇವಮ್ಮ ಕಾಫಿ ತರಲು ಹೋದರು. ದೊಡ್ಡರಂಗಯ್ಯ ಸ್ಟೂಲು ಎಳೆದುಕೊಂಡು ಕೂತರು.

"ಅಲ್ಲ ಮೇಷ್ಟ್ರೇ, ನಿಮ್ ಸೆಕ್ರೆಟ್ರಿ ಅದೇನ್ ಮನುಷ್ಯನಾ? ಒಂದ್ ಕುರ್ಚಿ ಕೊಡಕ್ಕೆ ಜೀವ ಬುಡ್ತಾನಲ್ಲ. ತಾನು ಮಾತ್ರ ಗಿರಗಿರ ತಿರುಗೋ ಕುರ್ಚಿ ಮೇಲೆ ಬೆಣ್ಣೆಮುದ್ದೆ ಹಂಗೆ ಕುಂತಿರ್ತಾನೆ ಅಂದ್ರಲ್ಲ ಅವತ್ತು ನೀವೇಯ..."

ಪರದೆಯ ಆಚೆಯಿಂದ ಒಂದು ಕೆಮ್ಮು ಕೇಳಿಸಿತು. ಆ ಕೆಮ್ಮನ್ನು ಮೇಷ್ಟ್ರು ದಿನವೂ ಪ್ರಾರ್ಥನೆಯಲ್ಲಿ ಕೇಳುತ್ತಿದ್ದರು. ತುಟಿಯ ಮೇಲೆ ಬೆರಳಿಟ್ಟರು. ಕಣ್ಣು ಮಿಟುಕಿಸಿದರು. ಕೈ ಮುಗಿದರು.

"ಯಾಕೆ, ಉರೀತದಾ?" ಎಂದು ದೊಡ್ಡರಂಗಯ್ಯ ದನಿ ಏರಿಸಿದರು. "ಉರೀದೆ ಇರ್ತದಾ? ಆ ಪುಣ್ಯಾತ್ಮನಿಗೂ ಒಂದ್ಸಲ ಇಂಗೇ ಕಾಲು ಹಿಡ್ಕಬೇಕು. ಆಗ ಗೊತ್ತಾಯ್ತದೆ!"

ಪರದೆ ಸರ್ರನೆ ಸರಿಯಿತು. ಸೆಕ್ರೆಟರಿ ವೀರಭದ್ರಯ್ಯನವರು ಪಂಚೆ ಮೇಲೆ ಕಟ್ಟಿ, ಎರಡು ಕಾಲಿಗೂ ಅದೇ ಬಿಗಿ ಕಾಲುಚೀಲ ತೊಟ್ಟು, ದಿಂಬುಗಳ ಮೇಲೆ ಕಾಲು ಹಾಕಿ ಮಲಗಿದ್ದರು. ಮೇಷ್ಟ್ರು ಅಭ್ಯಾಸಬಲದಿಂದ ಮಂಚದಿಂದ ಇಳಿದು ನೆಟ್ಟಗೆ ನಿಂತರು.

"ಹಿಡ್ಕೊಂಡಿದೆ ಯಜಮಾನ್ರೇ," ಎಂದರು ವೀರಭದ್ರಯ್ಯ ಮೆಲ್ಲಗೆ. "ಕಾಲಿನ ತುಂಬಾ ಜೇಡರ ಬಲೆ ಹಂಗೆ ನೀಲಿ ನರ ಎದ್ದಿದ್ವು. ಇಂಜೆಕ್ಷನ್ ಹಾಕಿ ಮುಚ್ಚವ್ರೆ. ಮೇಷ್ಟ್ರೇ, ಕೂತ್ಕೊಳ್ಳಿ."

'ಕೂತ್ಕೊಳ್ಳಿ' ಎಂಬ ಮಾತನ್ನು ಆ ಬಾಯಿಂದ ಮೇಷ್ಟ್ರು ಕೇಳಿದ್ದು ಅದೇ ಮೊದಲು. ದೊಡ್ಡರಂಗಯ್ಯ ಕಾಫಿ ಯಾಕೆ ತಡವಾಯಿತೋ ನೋಡುತ್ತೇನೆಂದು ಹೊರಟವರು ಮತ್ತೆ ಒಳಗೆ ಬರಲಿಲ್ಲ.

"ಕ್ಷಮಿಸಿ ಸರ್, ಅವರು ಏನೋ..."

"ಬಿಡಿ ಮೇಷ್ಟ್ರೇ. ನಂಗೇ ಬರೋ ತನ್ಕ ಗೊತ್ತಾಗ್ಲಿಲ್ಲ. ಸ್ಟಾಫಿನ ಕಾಲಿನ ಬಗ್ಗೆ ನಾನು ಯೋಚ್ನೇನೇ ಮಾಡ್ಲಿಲ್ಲ." ಅವರ ಕಣ್ಣು ನಿಜವಾಗಿ ತೇವವಾಗಿತ್ತು. "ಕುರ್ಚಿ ವಿಷಯ ಇವತ್ತೇ ತೀರ್ಮಾನ ಮಾಡ್ಬಿಡೋಣ. ನನ್ ಕಾರಲ್ಲೇ ಬನ್ನಿ ಗುಬ್ಬಿಗೆ. ನೀವು ಎದುರಿಗಿರ್ಬೇಕು."

ಕಾಫಿ ತಂದ ಲಕ್ಷ್ಮೀದೇವಮ್ಮ ಬೇಡವೆಂದರು. ಆದರೆ ಇಂಥ ಗಳಿಗೆಯನ್ನು ಬಿಟ್ಟು ಮನೆಗೆ ಹೋಗುವುದುಂಟೇ? ಹೆಂಡತಿಯನ್ನು ಎದುರುಮನೆಯವರ ಜೊತೆ ಕಳಿಸಿ ಮೇಷ್ಟ್ರು ಕಾರು ಹತ್ತಿದರು.

ದಾರಿಯಲ್ಲಿ ಸೆಕ್ರೆಟರಿ ಡ್ರೈವರಿಗೆ ಹೇಳಿ ಕಾರು ನಿಲ್ಲಿಸಿ, ಕಾಲಾಡಿಸಲೆಂದು ಇಳಿದು ಅದರ ಸುತ್ತ ಪ್ರದಕ್ಷಿಣೆ ಹಾಕಿದರು. ಮೇಷ್ಟ್ರೂ ಮರ್ಯಾದೆಗೆ ಹಿಂದೆ ಹಿಂದೆ ಸುತ್ತಿದರು. ಮತ್ತೆ ಹತ್ತಿದ ಮೇಲೆ ಸೆಕ್ರೆಟರಿ ಆಫೀಸಿಗೆ ಫೋನು ಹಚ್ಚಿದರು. "ಹಾಂ, ಇವತ್ತೇ. ಟೆಂಪೋಗೆ ಹೇಳು. ಕುರ್ಚಿ ಅಷ್ಟೂ. ಒಂದೂ ಬಿಡಂಗಿಲ್ಲ."

ಅಷ್ಟೂ! ಮೇಷ್ಟ್ರು ಕೇಳಿದ್ದು ಒಂದೇ ಒಂದು. ಈಗ ಪ್ರತಿ ಕ್ಲಾಸಿಗೂ ಕುರ್ಚಿ ಬರುತ್ತಿದೆ. ಇಡೀ ಸ್ಟಾಫು ತಮ್ಮನ್ನು ಹೇಗೆ ಕೊಂಡಾಡೀತು ಎಂದು ನೆನೆದು, ಎಡಗಾಲಿನ ಬಿಗಿತವೂ ಅವರಿಗೆ ಹಿತವಾಯಿತು.

ಸ್ಕೂಲಿನ ಅಂಗಳದಲ್ಲಿ ಟೆಂಪೋ ನಿಂತೇ ಇತ್ತು. ಇಬ್ಬರು ಆಳುಗಳು ತಲೆಯ ಮೇಲೆ ಕುರ್ಚಿ ಹೊತ್ತು ಓಡಾಡುತ್ತಿದ್ದರು. ಮೇಷ್ಟ್ರು ನಗುತ್ತಾ ಇಳಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಕುರ್ಚಿಗಳು ಟೆಂಪೋದಿಂದ ಇಳಿಯುತ್ತಿರಲಿಲ್ಲ. ಹತ್ತುತ್ತಿದ್ದವು. ಎಲ್ಲಾ ಸ್ಟಾಫ್‌ರೂಮಿನ ಹಳೇ ಕುರ್ಚಿಗಳು. ಅವುಗಳ ಹಿಂದೆಯೇ ಸೆಕ್ರೆಟರಿಯವರ ತಿರುಗುವ ಕುರ್ಚಿಯೂ ಬಂತು.

ಅಷ್ಟರಲ್ಲಿ ಸೆಕ್ರೆಟರಿ ಮೈಕು ಹಿಡಿದಿದ್ದರು.

"ಎಲ್ಲಾ ಸ್ಟಾಫ್ ಗಮನಕ್ಕೆ. ಕೂತೂ ಕೂತೂ ನನ್ನ ಕಾಲು ಕೆಟ್ಟೋಯ್ತು. ನಡೀತಾ ಇರೋದೇ ಔಷಧಿ ಅಂತ ಡಾಕ್ಟ್ರು ಹೇಳವ್ರೆ. ನನಗೆ ಬಂದಿದ್ದು ನಿಮಗೆ ಬರಬಾರದು. ಸ್ಟಾಫ್‌ರೂಮಿನ ಅಷ್ಟೂ ಕುರ್ಚಿ ತುಮಕೂರಿನ ನಮ್ಮ ಕಲ್ಯಾಣಮಂಟಪಕ್ಕೆ ಹೋಗ್ತಾವೆ. ಸ್ಟಾಫಿನ ಕಾಲಿನ ಕಡೆ ನನ್ನ ಕಣ್ಣು ತೆರೆಸಿದ ರಾಮಾಂಜಿನಯ್ಯ ಮೇಷ್ಟ್ರಿಗೆ ಸ್ಕೂಲಿನ ಪರವಾಗಿ ಧನ್ಯವಾದ."

ಸ್ಟಾಫ್‌ರೂಮಿನ ಬಾಗಿಲಲ್ಲಿ ಕನ್ನಡದ ಶಕುಂತಲಮ್ಮ ಮೇಡಂ, ಇನ್ನೊಂದು ವರ್ಷಕ್ಕೆ ರಿಟೈರ್ ಆಗುವವರು, ಬುತ್ತಿಯ ಡಬ್ಬಿ ಕೈಯಲ್ಲಿ ಹಿಡಿದು ನಿಂತುಕೊಂಡೇ ಊಟ ಮಾಡುತ್ತಿದ್ದರು.

"ಚೆನ್ನಾಗಿದೀರಾ ಮೇಷ್ಟ್ರೇ?" ಎಂದರು. ಇನ್ನೊಂದು ತುತ್ತು ಕಲಸಿದರು.

ಮೇಷ್ಟ್ರಿಗೆ ಅಲ್ಲಿ ನಿಲ್ಲುವ ಧೈರ್ಯ ಬರಲಿಲ್ಲ. ಟೆಂಪೋ ಡ್ರೈವರು ಕನಿಕರದಿಂದ ಕರೆದ. "ತುಮಕೂರಿಗಾ ಸಾರ್? ಮುಂದೆ ಆಳುಗಳವ್ರೆ, ಜಾಗ ಇಲ್ಲ. ಹಿಂದೆ ಹತ್ಕಳಿ."

ಹತ್ತಿದರು. ಕುರ್ಚಿಗಳನ್ನೆಲ್ಲ ಒಂದರ ಮೇಲೊಂದು ತಲೆಕೆಳಗು ಮಾಡಿ, ಕಾಲು ಆಕಾಶಕ್ಕೆ ಎತ್ತಿ, ಹಗ್ಗ ಬಿಗಿದು ಕಟ್ಟಿದ್ದರು. ಕೂರಲು ಒಂದು ಅಂಚೂ ಇರಲಿಲ್ಲ. ರಾಮಾಂಜಿನಯ್ಯ ಮೇಷ್ಟ್ರು ಹಗ್ಗ ಹಿಡಿದುಕೊಂಡು ತುಮಕೂರಿನವರೆಗೂ ನಿಂತೇ ಹೋದರು.